ಗೇಟಿನ ಬದಿಯಲ್ಲಿ ಉಳಿದ ಮೂರು ಮೂಟೆ

2025ರ ಜನವರಿ ಎರಡನೆಯ ವಾರ, ಬುಧವಾರ. ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ, ಕೇರಳದಲ್ಲಿ ಮನೆಮನೆಯಿಂದ ಪ್ಲಾಸ್ಟಿಕ್ಕಿನಂಥ ಒಣ ಕಸ ಒಯ್ಯುವ ಹರಿತ ಕರ್ಮ ಸೇನೆಯ ಇಬ್ಬರು ಹೆಂಗಸರು ನಮ್ಮ ಗೇಟಿನ ಬಳಿ ನಿಂತು ಐದು ಮೂಟೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರು. ಎರಡನ್ನು ಮತ್ತೆ ಕಟ್ಟಿ ಬದಿಗಿಟ್ಟುಕೊಂಡರು. ಮೂರನ್ನು ಇದ್ದಲ್ಲೇ ಬಿಟ್ಟರು. ಅವರಲ್ಲಿ ಹಿರಿಯಾಕೆ ಬಿಟ್ಟ ಮೂಟೆಯೊಂದರ ಮೇಲೆ ಅಂಗೈ ಒತ್ತಿ, ಆ ಕೈಯನ್ನು ತನ್ನ ಹಸಿರು ಮೇಲಂಗಿಗೆ ಒರೆಸಿಕೊಂಡು, ತುಳುವಿನಲ್ಲಿ ಒಂದೇ ಮಾತು ಹೇಳಿದರು: ‘ಚಂಡಿ.’ ಒದ್ದೆ ಎಂದರ್ಥ. ಗೋಡೆಗೆ ಅಂಟಿಸಿದ ಕ್ಯೂಆರ್ ಚೀಟಿಗೆ ಮೊಬೈಲ್ ಹಿಡಿದು, ಎರಡು ಮನೆಯಿಂದಲೂ ಐವತ್ತೈವತ್ತು ರೂಪಾಯಿ ಪಡೆದು, ಮುಂದಿನ ಗುರುವಾರ ಆಚೆ ಗುಡ್ಡದ ಮನೆಗಳಿಗೆ ಬರುವಾಗ ಇಣುಕುತ್ತೇವೆ, ಅಷ್ಟರಲ್ಲಿ ಸರಿಮಾಡಿಡಿ ಎಂದು ಹೊರಟುಹೋದರು.

ನಮ್ಮದು ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬದಿಯಡ್ಕದ ಕಡೆಗೆ ಹೋಗುವ ರಸ್ತೆಯಿಂದ ಕವಲೊಡೆದು ಇಳಿಯುವ ಮಣ್ಣಿನ ದಾರಿ. ಅದರ ಕೊನೆಯಲ್ಲಿರುವುದು ಎರಡೇ ಮನೆ: ಒಂದು ನಮ್ಮದು, ಇನ್ನೊಂದು ಬಾಯಮ್ಮನದು. ಕೊಂಕಣಿ ಮಾತಾಡುವ ಕ್ರೈಸ್ತ ಮನೆಗಳ ಹಿರಿಯ ಹೆಂಗಸರನ್ನು ಈ ಕಡೆ ಕರೆಯುವುದೇ ಹಾಗೆ. ತೋಟ ಬೇರೆ, ಅಂಗಳ ಬೇರೆ, ಗೇಟು ಮಾತ್ರ ಒಂದು. ಹಾಗಾಗಿ ಗೇಟಿನ ಬದಿಯಲ್ಲಿ ಕೂತಿದ್ದ ಮೂಟೆಗಳಲ್ಲಿ ಯಾವುದು ಯಾರದ್ದು ಎಂದು ದಾರಿಯಲ್ಲಿ ಹೋಗುವವರಿಗೆ ತಿಳಿಯುವಂತಿರಲಿಲ್ಲ. ನಮಗೆ ತಿಳಿದಿತ್ತು. ಉಳಿದ ಮೂರರಲ್ಲಿ ಎರಡು ಬಾಯಮ್ಮನ ಮನೆಯವು, ಒಂದು ನಮ್ಮದು. ಕಸದ ಬಗ್ಗೆ ಊರಿಗೆಲ್ಲ ಹೇಳಿಕೊಂಡು ತಿರುಗುವ ನನ್ನ ಮನೆಯದ್ದೇ ಒಂದು ಮೂಟೆ ತಿರಸ್ಕೃತವಾದದ್ದು ಮುಜುಗರದ ಸಂಗತಿ. ಈ ಪ್ರಕರಣವನ್ನು ಬರೆದಿಡಲು ಅದೂ ಒಂದು ಕಾರಣ.

ಮೊದಲು ಅಷ್ಟೊಂದು ಕಸ ಬಂದದ್ದೆಲ್ಲಿಂದ ಎಂಬುದು. ಉಳಿದ ತಿಂಗಳುಗಳಲ್ಲಿ ಎರಡು ಮನೆಯದೂ ಸೇರಿ ಒಂದೂವರೆ ಮೂಟೆ ದಾಟುವುದಿಲ್ಲ. ಅದರಲ್ಲೂ ಬಹುಪಾಲು ಹಾಲಿನ ತೊಟ್ಟೆ, ಅಂದರೆ ಪ್ಯಾಕೆಟ್ಟು. ಡಿಸೆಂಬರಿನ ಕೊನೆಯಲ್ಲಿ ಮಾತ್ರ ಲೆಕ್ಕ ತಪ್ಪುತ್ತದೆ. ಕೇರಳದ ಶಾಲೆಗಳಿಗೆ ಕ್ರಿಸ್‌ಮಸ್ ರಜೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೂ ಅದೇ ರಜೆ. ಬೆಂಗಳೂರಿನಿಂದ ನನ್ನ ತಮ್ಮನ ಸಂಸಾರ ಬಂದಿಳಿಯಿತು. ಬಾಯಮ್ಮನ ಮಗ ಕುವೈತಿನಿಂದ ಹೆಂಡತಿ, ಹತ್ತು ವರ್ಷದ ಮಗ, ಒಂದು ವರ್ಷದ ಮಗಳೊಂದಿಗೆ ಬಂದ. ಅವನ ಜೊತೆಗೆ ಕಂದು ಟೇಪಿನಲ್ಲಿ ಈಜಿಪ್ಟಿನ ಮಮ್ಮಿಯಂತೆ ಸುತ್ತಿದ ನಾಲ್ಕು ರಟ್ಟಿನ ಪೆಟ್ಟಿಗೆಗಳು ಬಂದವು. ಆಮೇಲೆ ತಾಯಿಗೆಂದು ಮಂಗಳೂರಿನಿಂದ ತರಿಸಿದ ಹೊಸ ಟಿವಿಯ ಪೆಟ್ಟಿಗೆ, ಅದರೊಳಗಿನ ಥರ್ಮೋಕೋಲು. ಕ್ರಿಸ್‌ಮಸ್ಸಿಗೆ ನಕ್ಷತ್ರ, ಸೀರಿಯಲ್ ದೀಪ, ಕೇಕು. ಹೊಸ ವರ್ಷಕ್ಕೆ ಮತ್ತೆ ಕೇಕು. ನೇವ್ರಿ, ಕಿಡಿಯೊ, ಗುಳಿಯೊ ತುಂಬಿದ ಕುಸ್ವಾರಿನ, ಅಂದರೆ ಕ್ರಿಸ್‌ಮಸ್ ತಿಂಡಿಗಳ, ತಟ್ಟೆ ಮಾತ್ರ ಎಂದಿನಂತೆ ಸ್ಟೀಲಿನದ್ದೇ ಬಂತು, ನಮ್ಮ ಕದಳಿ ಬಾಳೆಹಣ್ಣು ತುಂಬಿಕೊಂಡು ಹಿಂದಿರುಗಿತು. ಆ ಕೊಡುಕೊಳ್ಳುವಿಕೆಯಲ್ಲಿ ಐವತ್ತು ವರ್ಷಗಳಿಂದ ಒಂದು ಗ್ರಾಮಿನಷ್ಟೂ ಕಸ ಹುಟ್ಟಿಲ್ಲ.

ಎಸೆದುಬಿಡೋಣ ಎಂಬ ಉದ್ದೇಶ ಯಾರಿಗೂ ಇರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಹಣ ಕೊಡಲು ತಕರಾರಿಲ್ಲದ, ಮೂಟೆ ಕಟ್ಟಿ ಗೇಟಿಗೆ ತಂದಿಡುವಷ್ಟು ಶಿಸ್ತಿದ್ದ ಮನೆಗಳಿವು. ಹಾಗಿದ್ದೂ ಎಡವಟ್ಟಾದದ್ದು ಎಲ್ಲಿ?

ಒಂದು ಎಡವಟ್ಟು ಭಾಷೆಯದ್ದು. ಕಸ ಸಂಗ್ರಹದ ಹಿಂದಿನ ದಿನ ವಾರ್ಡಿನ ವಾಟ್ಸಾಪ್ ಗುಂಪಿಗೆ ಮಲಯಾಳದಲ್ಲಿ ಒಂದು ಧ್ವನಿ ಸಂದೇಶ ಬಂದಿತ್ತು: ಅಜೈವ ಕಸವನ್ನು ‘ವೃತ್ತಿಯಾಯಿ ಕಳುಗಿ, ಉಣಕ್ಕಿ, ತರಂ ತಿರಿಚ್ಚು’ ಕೊಡಬೇಕು. ಬಾಯಮ್ಮ ಇಗರ್ಜಿಗೆ ಹೋಗಿದ್ದರು. ಕೇಳಿಸಿಕೊಂಡವಳು ಸೊಸೆ. ಆಕೆ ಪುತ್ತೂರಿನ ಕಡೆಯವಳು, ಕನ್ನಡ ಶಾಲೆಯಲ್ಲಿ ಓದಿದವಳು, ಮಲಯಾಳ ಬಲ್ಲವಳಲ್ಲ. ಮಲಯಾಳದ ‘ವೃತ್ತಿ’ ಎಂದರೆ ಶುಚಿ. ಕನ್ನಡದ ಕಿವಿಗೆ ಅದು ಕಸುಬು. ‘ಕಳುಗಿ’ ಎಂದರೆ ತೊಳೆದು. ಆಕೆಗೆ ಕೇಳಿಸಿದ್ದು ‘ಕಳುಹಿ’. ‘ಉಣಕ್ಕಿ’ ಎಂದರೆ ಒಣಗಿಸಿ. ಅದೇನು ಉಣ್ಣುವ ಅಕ್ಕಿಯೋ ಎಂದು ಆಕೆ ಅದನ್ನು ಬಿಟ್ಟೇಬಿಟ್ಟಳು. ‘ತರಂ ತಿರಿಚ್ಚು’ ಎಂದರೆ ವಿಂಗಡಿಸಿ; ಆಕೆ ಮೂಟೆಯ ಬಾಯನ್ನು ಚೆನ್ನಾಗಿ ತಿರುಚಿ ಕಟ್ಟಿದಳು. ಒಟ್ಟಿನಲ್ಲಿ ಆಕೆ ತೆಗೆದ ಅರ್ಥ: ಈ ವೃತ್ತಿಯವರ ಕೈಗೆ ಮೂಟೆ ಕಟ್ಟಿ ಕಳುಹಿಸಿ. ಹೇಳಿದ್ದಕ್ಕೂ ತಿಳಿದದ್ದಕ್ಕೂ ಇದಕ್ಕಿಂತ ಹೆಚ್ಚಿನ ಅಂತರ ಸಾಧ್ಯವಿಲ್ಲ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಇಂಥ ಸೂಚನೆಗಳು ಕನ್ನಡದಲ್ಲೂ ಬರಬೇಕೆಂದು ನಾವು ಕೇಳುತ್ತಾ ಬಂದದ್ದು ಬರಿಯ ಅಭಿಮಾನಕ್ಕಲ್ಲ. ಗೇಟಿನ ಬದಿಯಲ್ಲಿ ಕೊಳೆಯುವ ಮೂಟೆಯೂ ಅದಕ್ಕೊಂದು ಕಾರಣ.

ನಮ್ಮ ಮನೆಯ ಎಡವಟ್ಟಿಗೆ ಈ ನೆಪವೂ ಇಲ್ಲ. ನಮಗೆ ಮಲಯಾಳ ಬರುತ್ತದೆ. ಮೂಟೆಯೂ ಕಟ್ಟುವಾಗ ಒಣಗಿತ್ತು. ಆದರೆ ಹಿಂದಿನ ರಾತ್ರಿಯೇ ಗೇಟಿಗೆ ಸಾಗಿಸಿ ಬಾಯಿ ತೆರೆದಿಟ್ಟೆವು. ಧನು ತಿಂಗಳ ಇಬ್ಬನಿ ಹೇಗಿರುತ್ತದೆಂದು ಇಲ್ಲಿನವರಿಗೆ ಹೇಳಬೇಕಿಲ್ಲ. ಬೆಳಗಿನ ಜಾವ ಅಡಿಕೆ ಸೋಗೆಯಿಂದ ಮಳೆಯಂತೆ ತೊಟ್ಟಿಕ್ಕುತ್ತದೆ. ರಟ್ಟು, ಉಡುಗೊರೆಯ ಕಾಗದ ಎಲ್ಲವೂ ನೀರು ಕುಡಿದು ಕೂತಿದ್ದವು.

ಮೂಟೆಗಳನ್ನು ಏನು ಮಾಡುವುದು ಎಂಬ ಚರ್ಚೆ ಬಾಯಮ್ಮನ ಜಗಲಿಯಲ್ಲಿ ನಡೆಯಿತು. ಮಗನಿಗೆ ಸಿಟ್ಟು. ‘ಐವತ್ತು ರೂಪಾಯಿ ಕೊಟ್ಟೂ ನಾವೇ ತೊಳೆಯಬೇಕೇ?’ ಎಂದ. ಗುಡ್ಡದ ಮೇಲಿನ ಹಳೆಯ ಕಲ್ಲುಕೋರೆ ನೆನಪಾಯಿತು ಅವನಿಗೆ. ಅವನ ತಂದೆಯ ಕಾಲದಲ್ಲಿ ಕಸ ಅಲ್ಲಿಗೇ ಹೋಗುತ್ತಿತ್ತು. ಆಗಿನ ಕಸದಲ್ಲಿ ಪ್ಲಾಸ್ಟಿಕ್ ಎಷ್ಟಿತ್ತು ಎಂಬುದು ಬೇರೆ ಮಾತು. ತೊಡಕಿರುವುದು ಕೋರೆಯ ಕೆಳಗೆ. ಅದೇ ಗುಡ್ಡದ ಬುಡದಲ್ಲಿ ನಮ್ಮೆರಡೂ ಮನೆಗಳಿಗೆ ಕುಡಿಯುವ ನೀರು ಕೊಡುವ ಸುರಂಗವಿದೆ. ಮುರಕಲ್ಲನ್ನು ಅಡ್ಡಲಾಗಿ ಕೊರೆದು, ಗುಡ್ಡದ ಒಡಲಿನಿಂದ ಜಿನುಗುವ ನೀರನ್ನು ಹೊರಗೆ ಹರಿಸುವ ಈ ಏರ್ಪಾಡು ಕಾಸರಗೋಡಿಗೂ ದಕ್ಷಿಣ ಕನ್ನಡದ ಒಳನಾಡಿಗೂ ಹೊಸತಲ್ಲ. ಮುರಕಲ್ಲು ತೂತು ತೂತಾದ ಕಲ್ಲು. ಮೇಲೆ ಬಿದ್ದ ಮಳೆ ಅದರೊಳಗಿಂದ ಇಳಿದು ಬಂದೇ ಸುರಂಗದ ನೀರಾಗುತ್ತದೆ. ಕೋರೆಗೆ ಸುರಿದದ್ದು ಆಷಾಢದಲ್ಲಿ ನಮ್ಮ ಕೊಡಪಾನಕ್ಕೇ ಬರುತ್ತದೆ. ಇದನ್ನು ನಾನು ವಿವರಿಸುವ ಮೊದಲೇ ಬಾಯಮ್ಮ ಮಗನಿಗೆ ಕೊಂಕಣಿಯಲ್ಲಿ ಎರಡು ಮಾತು ಹೇಳಿದರು. ಅವನು ಮತ್ತೆ ಕೋರೆಯ ಸುದ್ದಿ ಎತ್ತಲಿಲ್ಲ.

ಎರಡನೆಯ ಸಲಹೆ ನನ್ನದು. ಅದನ್ನು ಮುಚ್ಚಿಡುವುದಿಲ್ಲ. ಉಡುಗೊರೆಯ ಕಾಗದ, ಕೇಕಿನ ಡಬ್ಬಿ ಇಷ್ಟನ್ನಾದರೂ ಬಚ್ಚಲ ಒಲೆಗೆ ಹಾಕೋಣ ಎಂದೆ. ಹಂಡೆಯ ಒಲೆ ಹೊತ್ತಿಸಲು ಹಾಲಿನ ತೊಟ್ಟೆ ಬಳಸುವ ಅಭ್ಯಾಸ ಈ ಕಡೆಯ ಅರ್ಧ ಮನೆಗಳಲ್ಲಿದೆ. ಚಿಮಿಣಿ ಎಣ್ಣೆ ಸಿಗದಾದ ಮೇಲೆ ಇನ್ನೂ ಹೆಚ್ಚಿದೆ. ಬೇಡ ಎಂದವಳು ನನ್ನ ಹೆಂಡತಿ. ಒಂದು ಹೊಳೆಯುವ ಕಾಗದವನ್ನು ಮುಷ್ಟಿಯಲ್ಲಿ ಮುದ್ದೆಮಾಡಿ ನನ್ನ ಮುಂದಿಟ್ಟಳು. ಅದು ನಿಧಾನವಾಗಿ ಬಿಚ್ಚಿಕೊಂಡು ಮತ್ತೆ ಅಗಲವಾಯಿತು. ನಿಜವಾದ ಕಾಗದವಾದರೆ ಮುದ್ದೆಯಾಗಿಯೇ ಉಳಿಯುತ್ತದೆ. ಇದು ಲೋಹದ ತೆಳು ಲೇಪವಿರುವ ಪ್ಲಾಸ್ಟಿಕ್ ಹಾಳೆ. ಒಲೆಯ ಮಂದ ಉರಿಯಲ್ಲಿ ಇಂಥದ್ದು ಪೂರ್ತಿ ಸುಡುವುದಿಲ್ಲ, ಹೊಗೆಯಾಗಿ ಮನೆಯೊಳಗೇ ಸುತ್ತುತ್ತದೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದು, 2000ನೇ ಇಸವಿಯಲ್ಲಿ ಅದು ನಿಂತ ಮೇಲೂ ಅದರ ಫಲ ಉಣ್ಣುತ್ತಿರುವ ಸೀಮೆ ನಮ್ಮದು. ಅದರ ಪೆಟ್ಟು ತಿಂದ ಎಣ್ಮಕಜೆ ಇಲ್ಲಿಂದ ದೂರವೇನಲ್ಲ. ಗಾಳಿಯಲ್ಲಿ ಹೋದದ್ದು ಹೋಯಿತು ಎಂದು ನಂಬುವ ಹಕ್ಕು ನನಗಂತೂ ಇರಬಾರದಿತ್ತು.

ಕೊನೆಗೆ ದಾರಿ ತೋರಿಸಿದ್ದು ಅಂಗಳ. ಜನವರಿಯಲ್ಲಿ ನಮ್ಮಿಬ್ಬರ ಅಂಗಳದಲ್ಲೂ ಕಾಲಿಡಲು ಜಾಗವಿರುವುದಿಲ್ಲ, ಅಡಿಕೆ ಹರವಿರುತ್ತದೆ. ಒಣಗಿ ಚಾಲಿಯಾಗಲು ನಲವತ್ತು ನಲವತ್ತೈದು ದಿನದ ಬಿಸಿಲು ಬೇಕು. ಒಂದು ಹಸಿ ಅಡಿಕೆ ಗೋಣಿಗೆ ಸೇರಿದರೆ ಇಡೀ ಗೋಣಿ ಬೂಷ್ಟು ಹಿಡಿಯುತ್ತದೆ ಎಂಬುದು ಹತ್ತು ವರ್ಷದ ಹುಡುಗನಿಗೂ ಗೊತ್ತು. ಸುಲಿದ ಮೇಲೆ ಚಾಲಿ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ದರ್ಜೆವಾರು ಬೇರ್ಪಡಿಸುವಾಗ ಬಾಯಮ್ಮನ ಕೈಗೆ ಕಣ್ಣೇ ಬೇಡ. ಅವರಿಗೆ ನಾನು ಹೇಳಿದ್ದಿಷ್ಟೇ: ಆ ಹೆಂಗಸರು ಈ ಕಸವನ್ನು ಮಾರಬೇಕು, ಬಾಯಮ್ಮ. ಮಂಡಿಯವನು ಹಸಿ ಅಡಿಕೆ ತೆಗೆದುಕೊಳ್ಳುತ್ತಾನೆಯೇ?

ಇದು ಬರಿಯ ಹೋಲಿಕೆಯಲ್ಲ, ನಡೆಯುವುದೇ ಹಾಗೆ. ಕೇರಳದ ಮಹಿಳಾ ಸ್ವಸಹಾಯ ಕೂಟವಾದ ಕುಟುಂಬಶ್ರೀಯ ಹೆಂಗಸರಿಂದ ಕಟ್ಟಿದ ಹರಿತ ಕರ್ಮ ಸೇನೆ ಮನೆಗಳಿಂದ ತಂದದ್ದನ್ನು ಪಂಚಾಯತಿನ ಸಂಗ್ರಹ ಕೇಂದ್ರದಲ್ಲಿ ಕೂತು ಕೈಯಿಂದಲೇ ಮತ್ತೆ ವಿಂಗಡಿಸುತ್ತದೆ. ಶುದ್ಧವಾದ, ಒಣಗಿದ ಪ್ಲಾಸ್ಟಿಕ್ಕಿಗೆ ಬೆಲೆ ಸಿಗುತ್ತದೆ. ರಾಜ್ಯ ಸರಕಾರದ ಕ್ಲೀನ್ ಕೇರಳ ಕಂಪನಿಯಂಥ ಸಂಸ್ಥೆಗಳು ಅದನ್ನು ಕೊಳ್ಳುತ್ತವೆ. ಒಂದು ಪಾಲು ಪುಡಿಯಾಗಿ ರಸ್ತೆಯ ಡಾಮರಿಗೆ ಸೇರುತ್ತದೆ. ಎಣ್ಣೆ, ಕೆನೆ, ಅನ್ನ ಅಂಟಿದ್ದಕ್ಕೆ ಬೆಲೆ ಇಲ್ಲ. ಅದನ್ನು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಸಾಗಿಸಲು ಎದುರು ದುಡ್ಡು ತೆರಬೇಕು. ಐವತ್ತು ರೂಪಾಯಿ ಹೊರುವ ಕೂಲಿ, ತೊಳೆಯುವ ಕೂಲಿಯಲ್ಲ. ಹೀಗೆ ಹೇಳಿದ ಮೇಲೆ ಮಗನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಇಳಿದದ್ದು ಅವನೇ ಕೆಲಸಕ್ಕೆ ಕೂತ ಮೇಲೆ.

ಗುರುವಾರ ಬೆಳಿಗ್ಗೆ ಅಂಗಳದ ಒಂದು ಮೂಲೆಯ ಅಡಿಕೆ ಸರಿಸಿ, ಹಳೆಯ ಟಾರ್ಪಾಲು ಹಾಸಿ, ಮೂರೂ ಮೂಟೆಗಳನ್ನು ಸುರಿದೆವು. ಅಡಿಕೆ ತೂಗುವ ತಕ್ಕಡಿ ಇತ್ತಲ್ಲ, ತೂಗಿಯೂ ಬಿಟ್ಟೆವು. ಒಟ್ಟು 27.4 ಕಿಲೋ. ಗಾಜು 9.8, ರಟ್ಟು 5.2, ಆಹಾರ ಮತ್ತು ಅದರಿಂದ ನೆನೆದ ಕಾಗದ 4.6, ಮಗುವಿನ ಡೈಪರ್ 3.8, ಪ್ಲಾಸ್ಟಿಕ್ ಹಾಳೆ ಮತ್ತು ತೊಟ್ಟೆ 1.9, ದೀಪ-ವೈರು-ಆಟಿಕೆ 1.7. ಥರ್ಮೋಕೋಲು ಬರೇ 400 ಗ್ರಾಂ, ಆದರೆ ಮರಳಿ ತುಂಬಿದಾಗ ಒಂದು ಗೊಬ್ಬರದ ಚೀಲ ಪೂರ್ತಿ ಅದಕ್ಕೇ ಹೋಯಿತು. ಥರ್ಮೋಕೋಲಿನಲ್ಲಿ ಇರುವುದೆಲ್ಲ ಹೆಚ್ಚುಕಡಿಮೆ ಗಾಳಿಯೇ. ಸಾಗಾಟದ ಲಾರಿಯವರಿಗೆ ಅದರ ಮೇಲೆ ಏಕೆ ಅಷ್ಟು ಕೋಪ ಎಂದು ಆಗ ಅರ್ಥವಾಯಿತು.

ಈ ಲೆಕ್ಕದಲ್ಲಿ ನನ್ನ ಗಮನ ಸೆಳೆದದ್ದು ಪ್ಲಾಸ್ಟಿಕ್ಕಿನ ತೂಕ. ಸೇನೆಯವರು ಬಂದದ್ದೇ ಆ 1.9 ಕಿಲೋಗಾಗಿ, ಮೂಟೆಗಳು ಹಾಳಾದದ್ದು ಆಹಾರದ 4.6 ಕಿಲೋದಿಂದ. ಎರಡು ಕೇಕಿನ ಉಳಿಕೆ, ಪೋರ್ಕಿನ ಎಲುಬು, ಬಿರಿಯಾನಿಯ ತಳ, ಪಾನಕದ ಲೋಟಗಳು. ಕ್ರಿಸ್‌ಮಸ್ ಊಟಕ್ಕೆ ಬಾಯಮ್ಮ ಅಡಿಕೆ ಹಾಳೆಯ ತಟ್ಟೆಯನ್ನೇ ಹಾಕಿದ್ದರು. ಅವು ತೋಟದ ಗುಂಡಿಗೆ ಹೋಗಿ ಆಗಲೇ ಬೂದುಬಣ್ಣಕ್ಕೆ ತಿರುಗಿದ್ದವು. ಹೊಸ ವರ್ಷದ ರಾತ್ರಿಗೆ ಮಾತ್ರ ಮಗ ಪೇಟೆಯಿಂದ ಕಾಗದದ ಲೋಟ ತಂದಿದ್ದ. ಒಳಗೆ ಪ್ಲಾಸ್ಟಿಕ್ ಲೇಪವಿರುವ ಲೋಟ, ತಟ್ಟೆಗಳನ್ನು ಕೇರಳ 2020ರ ಜನವರಿಯಲ್ಲೇ ನಿಷೇಧಿಸಿದೆ. ಅಂಗಡಿಯವನು ಕೇಳಿದವರಿಗೆ ಒಳಗಿನಿಂದ ತಂದುಕೊಡುತ್ತಾನೆ, ಅಷ್ಟೇ.

ಆಹಾರದ ಪಾಲು ಸಲೀಸಾಗಿ ಕರಗಿತು. ತೋಟವಿರುವವರಿಗೆ ಅದು ತೊಂದರೆಯೇ ಅಲ್ಲ; ಮೂಟೆಗೆ ಸೇರಿದ್ದೇ ತಪ್ಪು. ಕಾಸರಗೋಡಿನಲ್ಲಿ 1916ರಷ್ಟು ಹಿಂದೆ ತೆಂಗಿನ ಸಂಶೋಧನೆ ಶುರುವಾದ ಕೇಂದ್ರವೇ ಇಂದಿನ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ. ತೆಂಗಿನ ಗರಿಯನ್ನು ಯೂಡ್ರಿಲಸ್ ಜಾತಿಯ ಎರೆಹುಳುವಿನಿಂದ ಗೊಬ್ಬರ ಮಾಡುವ ಕ್ರಮವನ್ನು ಅಲ್ಲಿನವರು ರೂಪಿಸಿ ವರ್ಷಗಳೇ ಆದವು: ಗರಿ ಹತ್ತು ಪಾಲು, ಸೆಗಣಿ ಒಂದು ಪಾಲು. ನಮ್ಮಲ್ಲಿ ಅಂಥ ಒಂದು ತೊಟ್ಟಿ ಇದೆ. ಆದರೆ ಮಾಂಸ, ಎಣ್ಣೆ ಎರೆಹುಳುವಿಗೆ ಆಗದು, ನಾಯಿ ಮುಂಗುಸಿಗಳು ಕೆದಕುವುದೂ ಉಂಟು. ಹಾಗಾಗಿ ಬಾಯಮ್ಮನ ಎಲುಬುಗಳನ್ನು ಬೇರೆಯೇ ಗುಂಡಿಗೆ ಹಾಕಿ, ಮೇಲೆ ಸೆಗಣಿ ನೀರು, ಒಣ ಸೋಗೆ, ಒಂದು ಚಪ್ಪಡಿ ಕಲ್ಲು.

ರಟ್ಟಿನ ಕೆಲಸ ಹೆಚ್ಚು ಹೊತ್ತು ತಿಂದಿತು. ಕುವೈತಿನ ಪೆಟ್ಟಿಗೆಗಳನ್ನು ವಿಮಾನದಲ್ಲಿ ಒಡೆಯದಿರಲಿ ಎಂದು ಅಡ್ಡ, ಉದ್ದ, ಕೊನೆಗೆ ಯಾವ ದಿಕ್ಕೆಂದು ತಿಳಿಯದ ಹಾಗೆ ಟೇಪು ಸುತ್ತಿದ್ದರು. ಮಗ ಅಡಿಕೆ ಸುಲಿಯುವವರ ಹಾಗೆ ಕುಕ್ಕರುಗಾಲಿನಲ್ಲಿ ಕೂತು, ಮೀನು ಕೊಯ್ಯುವ ಚೂರಿಯ ತುದಿಯಿಂದ ಟೇಪಿನ ಒಂದು ಅಂಚು ಎಬ್ಬಿಸಿ ಎಳೆಯುತ್ತಿದ್ದ. ಒಣಗಿದ ರಟ್ಟಿನಿಂದ ಟೇಪು ಚರ್ರನೆ ಬರುತ್ತಿತ್ತು. ಇಬ್ಬನಿ ಕುಡಿದ ರಟ್ಟಿನಿಂದ ಮೇಲಿನ ಪದರವನ್ನೂ ಎಳೆದುಕೊಂಡು ಹಸಿ ಗಾಯದಂತೆ ಬಿಚ್ಚುತ್ತಿತ್ತು. ‘ಒಣಗಲಿ ಬಿಡು’ ಎಂದರು ಬಾಯಮ್ಮ. ಮರುದಿನ ಮಧ್ಯಾಹ್ನ ಉಳಿದ ಎರಡು ಪೆಟ್ಟಿಗೆಗಳು ಹತ್ತು ನಿಮಿಷದಲ್ಲಿ ಮುಗಿದವು. ಒಂದರ ಮೇಲಿದ್ದ ವಿಳಾಸದ ಚೀಟಿಯನ್ನು ಅವರು ಕಿತ್ತು ಬೈಬಲ್ಲಿನೊಳಗೆ ಇಟ್ಟುಕೊಂಡದ್ದನ್ನು ನಾನು ನೋಡದವನಂತೆ ನಟಿಸಿದೆ. ರಟ್ಟನ್ನು ಗುಜರಿಯವನು ಕೊಂಡುಹೋದ. ರಟ್ಟಿನ ನಾರು ಐದಾರು ಸಲ ಮತ್ತೆ ರಟ್ಟಾಗಬಲ್ಲದು, ಎಣ್ಣೆ ತಾಗದಿದ್ದರೆ. ಕೇಕಿನ ಡಬ್ಬಿಗಳ ಜಿಡ್ಡು ಹಿಡಿದ ತಳವನ್ನು ಹರಿದು ಗುಂಡಿಗೆ, ಶುದ್ಧವಾದ ಮುಚ್ಚಳವನ್ನು ರಟ್ಟಿಗೆ, ಮುಚ್ಚಳದ ಕಿಟಕಿಯ ಪಾರದರ್ಶಕ ಹಾಳೆಯನ್ನು ಪ್ಲಾಸ್ಟಿಕ್ಕಿಗೆ ಹಾಕಿದೆವು. ಕೇಕಿನ ಕೆಳಗಿದ್ದ ಚಿನ್ನದ ಬಣ್ಣದ ಹಲಗೆ ಯಾವುದಕ್ಕೂ ಸೇರದೆ ಉಳಿಯಿತು. ಕಾಗದ, ಲೋಹದ ಬಣ್ಣ, ಪ್ಲಾಸ್ಟಿಕ್ ಮೂರೂ ಬೆಸೆದುಕೊಂಡ ವಸ್ತುವನ್ನು ಯಾರೂ ಬಿಡಿಸುವುದಿಲ್ಲ.

ಹಾಳೆ, ತೊಟ್ಟೆಗಳನ್ನು ತೊಳೆಯಲು ಹೊಸ ನೀರು ಬಳಸಲಿಲ್ಲ. ಜನವರಿಗೆ ಸುರಂಗದ ಧಾರೆ ಸಣ್ಣಗಾಗಿರುತ್ತದೆ. ಪಾತ್ರೆ ತೊಳೆದ ಕೊನೆಯ ಬಾರಿಯ ನೀರನ್ನು ಒಂದು ಬಕೆಟಿನಲ್ಲಿ ಹಿಡಿದು, ತೊಟ್ಟೆಗಳನ್ನು ಕತ್ತರಿಸಿ ಬಿಡಿಸಿ ಅದರಲ್ಲಿ ಅದ್ದಿ, ಬಟ್ಟೆಯ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗಿದೆವು. ಹಾಲಿನ ತೊಟ್ಟೆಯ ಮೂಲೆಯನ್ನು ಪೂರ್ತಿ ಕತ್ತರಿಸಿ ತೆಗೆಯಬಾರದು. ಆ ಚೂರು ಕೈಗೆ ಸಿಗದೆ ಚರಂಡಿ ಸೇರುತ್ತದೆ. ಇದನ್ನು ನನ್ನ ಹೆಂಡತಿ ಸೊಸೆಗೆ ಕಲಿಸಿದಳು. ಬಟ್ಟೆಯಂತೆ ಕಾಣುವ ಬಣ್ಣದ ಚೀಲಗಳು ಆರು ಇದ್ದವು. ಅವು ಬಟ್ಟೆಯಲ್ಲ, ಪಾಲಿಪ್ರೊಪಿಲೀನ್. ಸೊಸೆ ನಂಬಲಿಲ್ಲ. ಅಂಚಿನ ಒಂದು ಎಳೆಗೆ ಕಡ್ಡಿ ಗೀರಿ ತೋರಿಸಿದೆ: ಬೂದಿಯಾಗಲಿಲ್ಲ, ಕರಗಿ ಗುಂಡಗಾಯಿತು.

ಗಾಜಿನ ಸುದ್ದಿ ಸಂತೋಷದ್ದು. 21 ಬಾಟಲಿಗಳಲ್ಲಿ ಹನ್ನೆರಡನ್ನು ಬಾಯಮ್ಮ ಬೂದಿ ಹಾಕಿ ಉಜ್ಜಿ, ಬೋರಲು ಹಾಕಿ, ತಮಗೇ ಇಟ್ಟುಕೊಂಡರು. ಏಪ್ರಿಲಿನಲ್ಲಿ ಪುನರ್ಪುಳಿ ಹಣ್ಣಾಗುತ್ತದೆ, ಶರಬತ್ತಿಗೆ ಬೇಕು. ಉಳಿದವು ಗುಜರಿಗೆ ಹೋದವು. ಒಡೆದ ಎರಡರ ಚೂರುಗಳನ್ನು ಖಾಲಿ ಪೇಂಟ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದೆವು. ಬುಧವಾರ ಆ ಮೂಟೆಯನ್ನು ಹಿರಿಯಾಕೆ ಅಂಗೈಯಿಂದ ಒತ್ತಿದ್ದು ನೆನಪಾಗಿ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕ್ರಿಸ್‌ಮಸ್ಸಿಗೆ ಯೇಸು ಹುಟ್ಟಿದ ದೃಶ್ಯ ತೋರಿಸುವ ಗೋದಲಿಯ ಬೆಟ್ಟಗಳನ್ನು ಈ ಸಲ ಬಾಯಮ್ಮನ ಮೊಮ್ಮಗ ಟಿವಿ ಪೆಟ್ಟಿಗೆಯ ಥರ್ಮೋಕೋಲಿನಿಂದ ಮಾಡಿದ್ದ. ಹಸಿರು ಬಣ್ಣ ಬಳಿದು, ಮಿನುಗು ಪುಡಿ ಉದುರಿಸಿದ್ದ. ಅವನ ಅಜ್ಜ ಇದ್ದಾಗ ಹುತ್ತದ ಮಣ್ಣು, ಬೈಹುಲ್ಲು, ಎರಡು ವಾರ ಮೊದಲೇ ಡಬ್ಬಿಗಳಲ್ಲಿ ಮೊಳಕೆ ಬರಿಸಿದ ಭತ್ತದ ಸಸಿ. ಹಬ್ಬ ಮುಗಿದ ಮೇಲೆ ಹಸು ಬೆತ್ಲೆಹೇಮಿನ ಹುಲ್ಲುಗಾವಲನ್ನು ತಿಂದು ಮುಗಿಸುತ್ತಿತ್ತು. ಅಲಂಕಾರಕ್ಕೆ ಥರ್ಮೋಕೋಲನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಟಿವಿಯ ಜೊತೆಗೆ ಬರುವ ಥರ್ಮೋಕೋಲಿಗೆ ನಿಷೇಧವಿಲ್ಲ. ಬಂದದ್ದನ್ನು ಹುಡುಗ ಬೆಟ್ಟ ಮಾಡಿದರೆ ಅದು ಯಾವುದರ ಲೆಕ್ಕಕ್ಕೆ? ಕಾನೂನು ಬಲ್ಲವರು ಹೇಳಲಿ. ಸೇನೆಯವರು ಪ್ಲಾಸ್ಟಿಕ್ಕನ್ನು ಪ್ರತಿ ತಿಂಗಳು ಒಯ್ಯುತ್ತಾರೆ. ಗಾಜು, ಚಪ್ಪಲಿ, ಬಟ್ಟೆ, ಥರ್ಮೋಕೋಲು, ವಿದ್ಯುತ್ ಸಾಮಾನುಗಳಿಗೆ ಒಂದೊಂದು ತಿಂಗಳ ಸರದಿ. ನಮ್ಮ ಬೆಟ್ಟಗಳ ಸರದಿ ಬರುವ ತನಕ ಅವು ಅಟ್ಟದ ಮೇಲೆ ಕೂತವು. ಪುಡಿ ಮಾಡದೆ ಇಡೀ ತುಂಡುಗಳಾಗಿಯೇ ಇಟ್ಟೆವು; ಪುಡಿಯಾದರೆ ಗಾಳಿಗೆ ತೋಟವೆಲ್ಲ ಹಿಮ ಬಿದ್ದ ಹಾಗೆ.

ಸೀರಿಯಲ್ ದೀಪಗಳಲ್ಲಿ ಮೂರು ಸರ ಸತ್ತವೆಂದು ಎಸೆದಿದ್ದರು. ಹೆಸರೇ ಹೇಳುವಂತೆ ಅವುಗಳ ದೀಪಗಳು ಒಂದರ ಬಾಲಕ್ಕೆ ಇನ್ನೊಂದರಂತೆ ಜೋಡಣೆಯಾಗಿವೆ. ನಡುವೆ ಒಂದು ಕಡಿದರೆ ಆ ಸಾಲಿಡೀ ಕತ್ತಲು. ನನ್ನ ತಮ್ಮನ ಮಗ ಪರೀಕ್ಷಿಸಿದಾಗ ಎರಡರಲ್ಲಿ ಅಂಥದ್ದೇ ಸಣ್ಣ ದೋಷ ಸಿಕ್ಕಿತು. ಸರಿಪಡಿಸಿ, ಕಾಗದದ ನಕ್ಷತ್ರದೊಂದಿಗೆ ಮಡಚಿ ಇಟ್ಟಾಯಿತು. ಮೂರನೆಯದನ್ನು ಇಲಿ ಕಡಿದಿತ್ತು. ಗುಜರಿಯವನು ವೈರನ್ನು ಸುಟ್ಟು ತಾಮ್ರ ತೆಗೆಯುತ್ತೇನೆ ಎಂದ. ವೈರಿನ ಹೊದಿಕೆ ಪಿವಿಸಿ, ಅದರಲ್ಲಿ ಕ್ಲೋರಿನ್ ಇದೆ. ಸುಟ್ಟರೆ ಹೊರಡುವ ಹೊಗೆಯಲ್ಲಿ ಡಯಾಕ್ಸಿನ್‌ಗಳೂ ಸೇರಿರುತ್ತವೆ. ಕೊಡಲಿಲ್ಲ. ಹಾಡುವ ಆಟಿಕೆಯಿಂದ ತೆಗೆದ ಗುಂಡಿಯಂಥ ಬ್ಯಾಟರಿಗಳಿಗೆ ಎರಡೂ ಬದಿ ಟೇಪು ಹಚ್ಚಿ, ಆ ವೈರಿನೊಂದಿಗೆ ಬಿಸ್ಕತ್ತಿನ ಡಬ್ಬಿಗೆ ಹಾಕಿ, ಅಂಬೆಗಾಲಿಡುವ ಮಗುವಿನ ಕೈಗೆಟುಕದ ಹಾಗೆ ಮಾಡಿನ ಪಕಾಸಿಗೆ ಕಟ್ಟಿದೆವು. ಮಗು ನುಂಗಿದರೆ ಆ ಗುಂಡಿ ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡುತ್ತದೆ.

ಹದಿನಾರನೆಯ ತಾರೀಕು, ಗುರುವಾರ, ಸಂಕ್ರಾಂತಿ ಕಳೆದು ಎರಡು ದಿನ. ಮಗನ ಸಂಸಾರ ಕುವೈತಿಗೆ, ತಮ್ಮನದು ಬೆಂಗಳೂರಿಗೆ ಮರಳಿಯಾಗಿತ್ತು. ಹೇಳಿದ ಹಾಗೆ ಸೇನೆಯವರು ಬಂದರು. ಮೂರು ಮೂಟೆಗಳ ಬದಲಿಗೆ ಒಂದು, ಅದೂ ಮುಕ್ಕಾಲು ತುಂಬಿದ್ದು. ಈ ಸಲ ಅದನ್ನು ಗೇಟಿನಲ್ಲಿ ಅಲ್ಲ, ಜಗಲಿಯಲ್ಲಿ ಇಟ್ಟಿದ್ದೆವು. ಹಿರಿಯಾಕೆ ಕೈ ಒಳಗೆ ಹಾಕಿ ಒಂದು ತೊಟ್ಟೆ ಎಳೆದು, ಬೆರಳುಗಳ ನಡುವೆ ಉಜ್ಜಿ, ಗರಗರ ಸದ್ದು ಬಂದದ್ದನ್ನು ಕೇಳಿ ತಲೆಯಾಡಿಸಿದರು. ಅಡಿಕೆಯನ್ನು ಕುಲುಕಿ ಕಿವಿಗೆ ಹಿಡಿಯುವ ಮಂಡಿಯವನ ಮುಖವೇ. ಬಾಯಮ್ಮ ಅವರಿಬ್ಬರಿಗೂ ಉಳಿದಿದ್ದ ಕಿಡಿಯೊ ಕೊಟ್ಟರು, ಸ್ಟೀಲಿನ ಬಟ್ಟಲಿನಲ್ಲಿ. ಕೊಚ್ಚಿಯ ಬ್ರಹ್ಮಪುರದಲ್ಲಿ 2023ರ ಮಾರ್ಚಿನಲ್ಲಿ ಕಸದ ಬೆಟ್ಟಕ್ಕೆ ಬೆಂಕಿ ಬಿದ್ದು ದಿನಗಟ್ಟಲೆ ಊರು ಹೊಗೆ ಕುಡಿದ ಮೇಲೆ ಸರಕಾರಕ್ಕೆ ಎಚ್ಚರವಾಗಿ, 2025ರ ಮಾರ್ಚ್ 30ರೊಳಗೆ ಕೇರಳವನ್ನು ಕಸಮುಕ್ತ ಎಂದು ಘೋಷಿಸುವ ಅಭಿಯಾನದ ಗಡಿಬಿಡಿ ಆ ಜನವರಿಯಲ್ಲಿ ನಡೆದಿತ್ತು. ದಿನಕ್ಕೆ ಎಷ್ಟು ಮನೆ ನಡೆಯುತ್ತೀರಿ ಎಂದು ಕೇಳಿದೆ. ಲೆಕ್ಕ ಇಡುವುದು ಮೊಬೈಲು, ಕಾಲು ಅಲ್ಲ ಎಂದು ಕಿರಿಯಾಕೆ ನಕ್ಕಳು. ಮುಂದಿನ ತಿಂಗಳಿನ ಸೂಚನೆಯನ್ನು ಕನ್ನಡದಲ್ಲಿ ಹೇಳಿ ಕಳುಹಿಸಲು ನಾನು ಒಪ್ಪಿಕೊಂಡೆ. ಈಗ ಪ್ರತಿ ತಿಂಗಳು ಮಲಯಾಳದ ಧ್ವನಿ ಸಂದೇಶದ ಕೆಳಗೆ ನನ್ನ ಕೆಮ್ಮು ಸಮೇತ ಕನ್ನಡದ್ದೂ ಇರುತ್ತದೆ: ತೊಳೆದು, ಒಣಗಿಸಿ, ವಿಂಗಡಿಸಿ ಕೊಡಿ, ಹಿಂದಿನ ರಾತ್ರಿ ಹೊರಗಿಡಬೇಡಿ.

ಇನ್ನು 3.8 ಕಿಲೋ. ಡೈಪರನ್ನು ಅವರು ಒಯ್ಯುವುದಿಲ್ಲ. ನಮ್ಮ ಪಂಚಾಯತಿನಲ್ಲಿ ಅದಕ್ಕೆ ಬೇರೆ ವ್ಯವಸ್ಥೆಯೂ ಆಗ ಇರಲಿಲ್ಲ. ಹೊರಗೆ ಪ್ಲಾಸ್ಟಿಕ್ ಹಾಳೆ, ಒಳಗೆ ಮರದ ನಾರು, ನಡುವೆ ನೀರು ಹೀರಿ ಲೋಳೆಯಾಗುವ ಪುಡಿ. ಹೂತರೆ ಕೊಳೆಯದು, ಸುಡಲು ಹೋದರೆ ಒದ್ದೆ. ಇಂಥವನ್ನು ಸುತ್ತಿ ಎಸೆಯಲು ತಯಾರಕರೇ ಲಕೋಟೆ ಕೊಡಬೇಕು ಎಂದು ಆಗ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿಯಮ ಹೇಳುತ್ತಿತ್ತು. ನಾವು ತೆರೆದ ಪೊಟ್ಟಣದಲ್ಲಿ ಅಂಥದ್ದೇನೂ ಇರಲಿಲ್ಲ, ಇದ್ದಿದ್ದರೂ ಲಕೋಟೆಯನ್ನು ಯಾರ ಕೈಗೆ ಕೊಡುವುದು? ಹೊರಡುವ ಮುಂಚಿನ ಎರಡು ದಿನ ಬಾಯಮ್ಮ ತಮ್ಮ ಹಳೆಯ ಸೀರೆ ಹರಿದು ಮಗುವಿಗೆ ಕಟ್ಟಿದರು. ಅದಕ್ಕೆ ಮೊದಲಿನ ಇಪ್ಪತ್ತು ಡೈಪರ್‌ಗಳನ್ನು ಸುಣ್ಣದ ಪುಡಿ ಉದುರಿಸಿ ಮುಚ್ಚಳದ ಡ್ರಮ್ಮಿಗೆ ಹಾಕಿ, ಬಚ್ಚಲಿನ ಹಿಂದೆ ಇಟ್ಟು, ಮೇಲೊಂದು ಮುರಕಲ್ಲು ಹೇರಿದೆವು. ಡ್ರಮ್ಮು ಅಲ್ಲೇ ಇದೆ. ಫೆಬ್ರವರಿಯಲ್ಲಿ ಕೇಳಿದಾಗ ಸೇನೆಯ ಹಿರಿಯಾಕೆ ಅದರ ಕಡೆಗೊಮ್ಮೆ ನೋಡಿ, ಏನೂ ಹೇಳದೆ, ಗೇಟಿನ ಕಡೆಗೆ ನಡೆದರು.

ಮೊನ್ನೆ ಕುವೈತಿನಿಂದ ಫೋನು ಬಂದಿತ್ತು. ಬೇಸಿಗೆ ರಜೆಗೆ ಮತ್ತೆ ಬರುತ್ತಾರಂತೆ. ಮಗು ಓಡಾಡುತ್ತಿದೆ, ಮಾತು ಕಲಿತಿದೆ ಎಂದು ಸೊಸೆ ಹೇಳುತ್ತಲೇ ಇದ್ದಳು. ಬಾಯಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಬಚ್ಚಲಿನ ಕಡೆ ಕಣ್ಣು ಹಾಯಿಸಿ, ‘ಉಚ್ಚೆ ಬಂದರೆ ಹೇಳುತ್ತದೆಯೋ?’ ಎಂದು ಕೇಳಿದರು.